ಡಿಸ್ಕ್ರೀಟ್ ಮ್ಯಾಥ್ಸ್ ಲೆಕ್ಕಗಳನ್ನು ಬಿಡಿಸುವುದು ಹೇಗೆ? ನಂಬರ್ ಪ್ಲೇಟಿನಿಂದ ಬೀದರ್ ರಸ್ತೆಗಳವರೆಗೆ

ಬಿಸಿಎ, ಬಿಎಸ್ಸಿ ಅಥವಾ ಎಂಜಿನಿಯರಿಂಗ್ ಸೇರಿದ ನಮ್ಮ ಕಡೆಯ ಹುಡುಗ ಹುಡುಗಿಯರು ಡಿಸ್ಕ್ರೀಟ್ ಮ್ಯಾಥ್ಸ್ (ಎಣಿಕೆ, ತರ್ಕ, ಗ್ರಾಫ್‌ಗಳಂಥ ಬಿಡಿಬಿಡಿ ವಸ್ತುಗಳ ಗಣಿತ) ಬಗ್ಗೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ಪಾಠ ಕೇಳುವಾಗ ಎಲ್ಲ ತಿಳಿದಂತೆ ಇರುತ್ತದೆ, ಲೆಕ್ಕ ಕೊಟ್ಟರೆ ಪೆನ್ನು ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುವುದಿಲ್ಲ. ಇದಕ್ಕೆ ಕಾರಣ ಇದೆ. ಪಿಯುಸಿವರೆಗೆ ನಾವು ಲೆಕ್ಕ ನೋಡುತ್ತೇವೆ, ಸೂತ್ರ ನೆನಪಿಸಿಕೊಳ್ಳುತ್ತೇವೆ, ಸಂಖ್ಯೆ ಹಾಕುತ್ತೇವೆ. ಒಂದೇ ಮಾದರಿಯ ಇಪ್ಪತ್ತು ಲೆಕ್ಕ ಮಾಡಿದರೆ ಇಪ್ಪತ್ತೊಂದನೆಯದು ತಾನಾಗಿ ಬರುತ್ತದೆ. ಡಿಸ್ಕ್ರೀಟ್ ಮ್ಯಾಥ್ಸ್‌ನಲ್ಲಿ ಸೂತ್ರಗಳು ಬೆರಳೆಣಿಕೆಯಷ್ಟು. ಆದರೆ ಪ್ರತಿ ಲೆಕ್ಕವೂ ಹೊಸ ವೇಷದಲ್ಲಿ ಬರುತ್ತದೆ.

ಹಾಗಾಗಿ ಇಲ್ಲಿ ಅಭ್ಯಾಸದ ರೀತಿಯೇ ಬೇರೆ ಆಗಬೇಕು. ನಾನು ಒತ್ತಿ ಹೇಳುವುದು ಎರಡೇ ಮಾತು. ಸೂತ್ರಕ್ಕೆ ಕೈ ಹಾಕುವ ಮೊದಲು ಅದೇ ಲೆಕ್ಕವನ್ನು ಸಣ್ಣ ಸಂಖ್ಯೆಗೆ ಇಳಿಸಿ, ಕೈಯಾರೆ ಬರೆದು ನೋಡಿ. ಉತ್ತರ ಬಂದ ಮೇಲೆ ಇನ್ನೊಂದು ದಾರಿಯಲ್ಲಿ ಅದನ್ನು ತಾಳೆ ನೋಡಿ. ಕೆಳಗಿನ ಲೆಕ್ಕಗಳನ್ನೆಲ್ಲ ಕಲಬುರಗಿ, ಬೀದರ್, ಯಾದಗಿರಿಯ ಸುತ್ತಮುತ್ತಲಿಂದಲೇ ಕಟ್ಟಿದ್ದೇನೆ. ಓದುತ್ತಾ ಹೋಗಬೇಡಿ, ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ಮಾಡುತ್ತಾ ಹೋಗಿ.

ಕೂತುಕೊಳ್ಳುವ ಮೊದಲು

ಒಂದು ದಪ್ಪ ನೋಟ್‌ಬುಕ್ ಸಾಕು. ಎಡಪುಟ ಚಿತ್ತು ಕೆಲಸಕ್ಕೆ, ಬಲಪುಟ ಅಂತಿಮ ಉತ್ತರಕ್ಕೆ. ಎಡಪುಟದ ಗೀಚುಗಳನ್ನು ಅಳಿಸಬೇಡಿ, ಎಲ್ಲಿ ದಾರಿ ತಪ್ಪಿತು ಅಂತ ಅದೇ ತೋರಿಸುತ್ತದೆ. ಒಂದು ಲೆಕ್ಕಕ್ಕೆ ಅರ್ಧ ಗಂಟೆ ಒಬ್ಬರೇ ಒದ್ದಾಡಿ. ಆಗಲೂ ಬರದಿದ್ದರೆ ಉತ್ತರದ ಮೊದಲ ಸಾಲು ಮಾತ್ರ ನೋಡಿ, ಪುಸ್ತಕ ಮುಚ್ಚಿ ಮತ್ತೆ ಮಾಡಿ. ಪೂರ್ತಿ ಉತ್ತರ ನೋಡಲೇಬೇಕಾಯಿತು ಅಂದರೆ ಮರುದಿನ ಅದೇ ಲೆಕ್ಕವನ್ನು ನೋಡದೆ ಬರೆಯಿರಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಬಿಸಿಲಿಗೆ ಮಧ್ಯಾಹ್ನ ತಲೆ ಓಡುವುದಿಲ್ಲ, ಬೆಳಗ್ಗೆ ಆರರ ಹೊತ್ತು ಇದಕ್ಕೆ ಒಳ್ಳೆಯದು.

ಪರೀಕ್ಷೆ ಇಂಗ್ಲಿಷ್‌ನಲ್ಲಿ ಇರಬಹುದು. ಆದರೂ ಎಡಪುಟದಲ್ಲಿ ಕನ್ನಡದಲ್ಲೇ ಯೋಚಿಸಿ ಬರೆಯಿರಿ. ತರ್ಕ ಗಟ್ಟಿಯಾದ ಮೇಲೆ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಬರೆಯುವುದು ಕಷ್ಟವೇನಲ್ಲ.

ಎಣಿಕೆ: ಗಾಡಿಯ ನಂಬರ್ ಪ್ಲೇಟ್

ಈ ವಿಷಯದ ಹೃದಯ ಎಣಿಕೆ. ಇಲ್ಲಿ ಕೈ ಪಳಗಿದರೆ ಉಳಿದದ್ದು ಅರ್ಧ ಹಗುರ. ಆದ್ದರಿಂದ ಇದರ ಮೇಲೆ ಜಾಸ್ತಿ ಹೊತ್ತು ಕಳೆಯೋಣ.

ಕಲಬುರಗಿ ಗಾಡಿಗಳಿಗೆ ಕೆಎ 32, ಯಾದಗಿರಿಗೆ ಕೆಎ 33, ಬೀದರ್‌ಗೆ ಕೆಎ 38. ಅದರ ಮುಂದೆ ಎರಡು ಇಂಗ್ಲಿಷ್ ಅಕ್ಷರ, ಕೊನೆಗೆ 0001ರಿಂದ 9999ರವರೆಗೆ ಒಂದು ಸಂಖ್ಯೆ. ಒಂದು, ಸೊನ್ನೆಗಳ ಜೊತೆ ಗೊಂದಲ ಆಗದಿರಲಿ ಅಂತ ಐ ಮತ್ತು ಓ ಅಕ್ಷರಗಳನ್ನು ಬಿಡುತ್ತಾರೆ ಎಂದಿಟ್ಟುಕೊಳ್ಳಿ. ಕೆಎ 32ರಲ್ಲಿ ಇಂಥ ಎಷ್ಟು ನಂಬರ್ ಸಾಧ್ಯ?

ಮೊದಲ ಅಕ್ಷರಕ್ಕೆ 24 ಆಯ್ಕೆ, ಎರಡನೆಯದಕ್ಕೆ 24, ಸಂಖ್ಯೆಗೆ 9999. ಒಂದರ ನಂತರ ಒಂದು ಆಯ್ಕೆ ಮಾಡುತ್ತಿದ್ದೇವೆ, ಒಂದರ ಆಯ್ಕೆ ಇನ್ನೊಂದರ ಆಯ್ಕೆಗಳ ಸಂಖ್ಯೆಯನ್ನು ಬದಲಿಸುವುದಿಲ್ಲ. ಹಾಗಾಗಿ ಗುಣಿಸಬೇಕು: 24 × 24 × 9999 = 57,59,424. ಇದು ಸುಲಭದ್ದು.

ಈಗ ಸ್ವಲ್ಪ ಬಿಗಿ ಮಾಡೋಣ. 0001ರಿಂದ 9999ರವರೆಗಿನ ನಂಬರುಗಳಲ್ಲಿ ಯಾವುದಾದರೂ ಒಂದು ಅಂಕಿ ಎರಡು ಸಲವೋ ಹೆಚ್ಚೋ ಬರುವಂಥವು ಎಷ್ಟು? 4471ರಲ್ಲಿ 4 ಎರಡು ಸಲ ಬಂದಿದೆ. 0305ರಲ್ಲಿ ಸೊನ್ನೆ ಎರಡು ಸಲ ಬಂದಿದೆ. ನೇರವಾಗಿ ಎಣಿಸಲು ಹೋದರೆ ಎರಡು ಸಲ ಬಂದದ್ದು, ಮೂರು ಸಲ ಬಂದದ್ದು, ಎರಡು ಜೋಡಿ ಬಂದದ್ದು ಅಂತ ಕೈಕಾಲು ಸಿಕ್ಕಿಹಾಕಿಕೊಳ್ಳುತ್ತವೆ. ತಿರುಗಿಸಿ ನೋಡಿ. ಯಾವ ಅಂಕಿಯೂ ಮತ್ತೆ ಬಾರದ ನಂಬರುಗಳು ಎಷ್ಟು? ಮೊದಲ ಜಾಗಕ್ಕೆ 10, ಎರಡನೆಯದಕ್ಕೆ ಉಳಿದ 9, ಆಮೇಲೆ 8, ಆಮೇಲೆ 7. ಒಟ್ಟು 5040. ಇದನ್ನು ಒಟ್ಟು ಮೊತ್ತದಿಂದ ಕಳೆದರೆ ಮುಗಿಯಿತು.

ಯಾವ ಮೊತ್ತದಿಂದ? ನಾಲ್ಕು ಜಾಗ, ಪ್ರತಿಯೊಂದಕ್ಕೂ 10 ಅಂಕಿ, ಅಂದರೆ 10,000 ಅಂತ ಬರೆದು 4960 ಎನ್ನುವವರು ಬಹಳ. ಇಲ್ಲಿ ನಿಂತು ಸಣ್ಣ ಲೆಕ್ಕ ಮಾಡಿ. ಎರಡೇ ಅಂಕಿ ಇದ್ದಿದ್ದರೆ, ಅಂದರೆ 01ರಿಂದ 99? ಒಂದೇ ಅಂಕಿ ಮತ್ತೆ ಬರುವವು 11, 22, 33, ಹೀಗೆ 99ರವರೆಗೆ, ಒಟ್ಟು 9. ಮತ್ತೆ ಬಾರದವು 10 × 9 = 90. ಕೂಡಿದರೆ 99. ನೂರು ಅಂತ ಹಿಡಿದಿದ್ದರೆ 10 ಬರುತ್ತಿತ್ತು, ಏಕೆಂದರೆ 00 ಒಳಗೆ ನುಸುಳಿಬಿಡುತ್ತಿತ್ತು. ಹಾಗೆಯೇ 0000 ಎಂಬ ನಂಬರ್ ಪ್ಲೇಟ್ ಇಲ್ಲ. ಆದ್ದರಿಂದ 9999 − 5040 = 4959. ದೊಡ್ಡ ಲೆಕ್ಕದಲ್ಲಿ ಅಡಗಿದ್ದ ಹಳ್ಳ ಸಣ್ಣ ಲೆಕ್ಕದಲ್ಲಿ ಕಣ್ಣಿಗೆ ಬಿತ್ತು, ಅಲ್ವಾ?

ಉತ್ತರವನ್ನು ಕಣ್ಣಾರೆಯೂ ನೋಡಬಹುದು. 9999ರಲ್ಲಿ 4959 ಅಂದರೆ ಹೆಚ್ಚುಕಡಿಮೆ ಅರ್ಧ. ಕಲಬುರಗಿ ಕೇಂದ್ರ ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿದ ಬೈಕ್‌ಗಳ ಸಾಲಿನಲ್ಲಿ ನಡೆಯುತ್ತಾ ಎಣಿಸಿ. ಎರಡರಲ್ಲಿ ಒಂದು ಗಾಡಿಯ ನಂಬರಿನಲ್ಲಿ ಯಾವುದೋ ಅಂಕಿ ಮತ್ತೆ ಬಂದಿರುತ್ತದೆ. ಲೆಕ್ಕ ಮಾಡದೆ ಕೇಳಿದರೆ ಹೆಚ್ಚಿನವರು ಹತ್ತರಲ್ಲಿ ಒಂದೋ ಎರಡೋ ಅನ್ನುತ್ತಾರೆ.

ಮುಂದಿನ ಹೆಜ್ಜೆ, ಕ್ರಮ ಮುಖ್ಯವೋ ಇಲ್ಲವೋ ಎಂಬುದು. ಇದಕ್ಕೆ ನಮ್ಮ ಮಣ್ಣಿಗೆ ನಂಟಿರುವ ಉದಾಹರಣೆಯೇ ಇದೆ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಮೇಲಿನ ಊರು, ಒಂದು ಕಾಲದಲ್ಲಿ ಮಾನ್ಯಖೇಟ ಎಂಬ ಹೆಸರಿನ ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ಅಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಆ ದೊರೆಯ ಹೊಗಳಿಕೆಯೂ ಇದೆ. ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ರೀತಿಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ನಿಯಮವನ್ನು ಆತ ಕೊಟ್ಟಿದ್ದಾನೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರುಚಿಗಳನ್ನು ಬೆರೆಸುವ ಬಗೆಗಳು ಎಷ್ಟು ಎಂಬ ಲೆಕ್ಕವೂ ಅದರಲ್ಲಿದೆ. ಇವತ್ತು ನಿಮ್ಮ ಪಠ್ಯದಲ್ಲಿ ವಿಕಲ್ಪ (ಕಾಂಬಿನೇಶನ್) ಎಂದು ಬರುವುದು ಇದೇ.

ಬಿಡಿಸೋಣ. ಹುಳಿ ಮತ್ತು ಖಾರ ಬೆರೆಸಿದರೂ, ಖಾರ ಮತ್ತು ಹುಳಿ ಬೆರೆಸಿದರೂ ಒಂದೇ, ಹಾಗಾಗಿ ಕ್ರಮ ಮುಖ್ಯವಲ್ಲ. ಒಂದೇ ರುಚಿ: 6 ಬಗೆ. ಎರಡು ರುಚಿ: 6 × 5 = 30, ಆದರೆ ಪ್ರತಿ ಜೋಡಿಯೂ ಎರಡು ಸಲ ಬಂದಿದೆ, ಆದ್ದರಿಂದ 15. ಮೂರು ರುಚಿ: 6 × 5 × 4 = 120, ಪ್ರತಿ ಮೂರರ ಗುಂಪು 6 ಸಲ ಬಂದಿದೆ, ಆದ್ದರಿಂದ 20. ನಾಲ್ಕಕ್ಕೆ 15, ಐದಕ್ಕೆ 6, ಆರಕ್ಕೆ 1. ಮೊತ್ತ 63.

ಈಗ ಇನ್ನೊಂದು ದಾರಿ. ಪ್ರತಿ ರುಚಿಯ ಮುಂದೆ ನಿಂತು ಹಾಕಬೇಕೋ ಬಿಡಬೇಕೋ ಎಂದು ಕೇಳಿಕೊಳ್ಳಿ. ಆರು ಸಲ ಎರಡೆರಡು ಆಯ್ಕೆ, 2 × 2 × 2 × 2 × 2 × 2 = 64. ಅದರಲ್ಲಿ ಎಲ್ಲವನ್ನೂ ಬಿಟ್ಟದ್ದು ಒಂದು. 63 ಉಳಿಯಿತು. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದಾಗ ಸಿಗುವ ಧೈರ್ಯವನ್ನು ಉತ್ತರಪತ್ರಿಕೆ ಕೊಡಲಾರದು.

ಎಣಿಕೆಯ ಯಾವ ಲೆಕ್ಕ ಬಂದರೂ ಮೊದಲು ಈ ಮೂರು ಕೇಳಿಕೊಳ್ಳಿ. ಕ್ರಮ ಬದಲಾದರೆ ಹೊಸದಾಗುತ್ತದೆಯೇ? ಒಂದನ್ನೇ ಮತ್ತೆ ಆರಿಸಬಹುದೇ? ನಾನು ಒಂದೇ ವಸ್ತುವನ್ನು ಎಷ್ಟು ಸಲ ಎಣಿಸುತ್ತಿದ್ದೇನೆ? ಮೂರನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ.

ಲಾಜಿಕ್: ಬಸ್ಸಿನಲ್ಲಿ ಚೆಕಿಂಗ್

ಟ್ರೂತ್ ಟೇಬಲ್, ಅಂದರೆ ಒಂದು ಹೇಳಿಕೆ ಯಾವಾಗ ಸರಿ, ಯಾವಾಗ ತಪ್ಪು ಎಂಬ ಪಟ್ಟಿ, ಬಾಯಿಪಾಠ ಮಾಡುವುದರಿಂದ ಪ್ರಯೋಜನ ಕಡಿಮೆ. ಈ ಲೆಕ್ಕ ಮಾಡಿ ನೋಡಿ.

ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ನಿಯಮವನ್ನು ಸರಳ ಮಾಡಿ ಹೀಗೆ ಬರೆದುಕೊಳ್ಳೋಣ: ಒಬ್ಬ ಮಹಿಳೆಯ ಕೈಯಲ್ಲಿ ಶೂನ್ಯ ಟಿಕೆಟ್ (ಉಚಿತ ಟಿಕೆಟ್) ಇದ್ದರೆ, ಅವರ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಬೀದರ್‌ನಿಂದ ಕಲಬುರಗಿಗೆ ಹೊರಟ ಬಸ್ಸಿಗೆ ಚೆಕಿಂಗ್‌ನವರು ಹತ್ತಿದ್ದಾರೆ. ಮುಂದಿನ ಸೀಟುಗಳಲ್ಲಿ ನಾಲ್ವರು ಮಹಿಳೆಯರು. ಮೊದಲನೆಯವರ ಕೈಯಲ್ಲಿ ಶೂನ್ಯ ಟಿಕೆಟ್ ಕಾಣುತ್ತಿದೆ, ವಿಳಾಸ ಗೊತ್ತಿಲ್ಲ. ಎರಡನೆಯವರ ಕೈಯಲ್ಲಿ ದುಡ್ಡು ಕೊಟ್ಟು ಪಡೆದ ಟಿಕೆಟ್ ಇದೆ, ವಿಳಾಸ ಗೊತ್ತಿಲ್ಲ. ಮೂರನೆಯವರ ಆಧಾರ್ ಕಾರ್ಡಿನಲ್ಲಿ ಹುಮನಾಬಾದ್ ವಿಳಾಸ, ಟಿಕೆಟ್ ಕಾಣುತ್ತಿಲ್ಲ. ನಾಲ್ಕನೆಯವರ ಕಾರ್ಡಿನಲ್ಲಿ ಮಹಾರಾಷ್ಟ್ರದ ಉದಗೀರ ವಿಳಾಸ, ಟಿಕೆಟ್ ಕಾಣುತ್ತಿಲ್ಲ. ನಿಯಮ ಮುರಿದಿದೆಯೇ ಎಂದು ತಿಳಿಯಲು ಯಾರನ್ನು ಕೇಳಲೇಬೇಕು?

ಒಂದು ನಿಮಿಷ ಯೋಚಿಸಿ.

ಮೊದಲನೆಯವರು ಮತ್ತು ನಾಲ್ಕನೆಯವರು. ಎರಡನೆಯವರು ದುಡ್ಡು ಕೊಟ್ಟಿದ್ದಾರೆ, ಅವರ ಊರು ಯಾವುದಾದರೂ ನಿಯಮಕ್ಕೆ ಏನೂ ಆಗುವುದಿಲ್ಲ. ಮೂರನೆಯವರು ಕರ್ನಾಟಕದವರು, ಶೂನ್ಯ ಟಿಕೆಟ್ ಪಡೆದರೂ ಸರಿ, ದುಡ್ಡು ಕೊಟ್ಟಿದ್ದರೂ ಸರಿ. ಮೂರನೆಯವರನ್ನೂ ಕೇಳಬೇಕು ಅನಿಸಿತೇ? ಹಾಗಾದರೆ ನೀವು ನಿಯಮವನ್ನು ತಿರುಗಿಸಿ ಓದಿದ್ದೀರಿ: ಕರ್ನಾಟಕದವರಾದರೆ ಶೂನ್ಯ ಟಿಕೆಟ್ ಇರಲೇಬೇಕು ಅಂತ. ನಿಯಮ ಹಾಗೆ ಹೇಳಿಲ್ಲ. ನಾಲ್ಕನೆಯವರನ್ನು ಕೇಳುವುದು ಯಾಕೆಂದರೆ, ಕರ್ನಾಟಕದ ವಿಳಾಸ ಇಲ್ಲದಿದ್ದರೆ ಶೂನ್ಯ ಟಿಕೆಟ್ ಇರಬಾರದು ಎಂಬುದು ಅದೇ ನಿಯಮದ ಇನ್ನೊಂದು ಮುಖ. ಪಠ್ಯದಲ್ಲಿ ಕಾಂಟ್ರಾಪಾಸಿಟಿವ್ ಎನ್ನುವುದು ಇದನ್ನೇ, ತಿರುಗಿಸಿ ಓದಿದ್ದು ಕಾನ್ವರ್ಸ್. ಈಗ ‘ಹೀಗಿದ್ದರೆ ಹಾಗಿರಬೇಕು’ ಎಂಬ ನಿಯಮದ ಟ್ರೂತ್ ಟೇಬಲ್ ತೆಗೆದು ನಾಲ್ಕು ಸಾಲುಗಳನ್ನೂ ಈ ಬಸ್ಸಿನ ಪ್ರಯಾಣಿಕರಿಗೆ ಹೊಂದಿಸಿ. ತಪ್ಪಾಗುವ ಸಾಲು ಒಂದೇ ಯಾಕೆ ಎಂಬುದು ಸ್ಪಷ್ಟವಾಗುತ್ತದೆ: ಕೈಯಲ್ಲಿ ಶೂನ್ಯ ಟಿಕೆಟ್, ವಿಳಾಸ ಹೊರಗಿನದು.

ಪಾರಿವಾಳದ ಗೂಡು

ತತ್ವ ಒಂದು ಸಾಲಿನದು. ಗೂಡುಗಳಿಗಿಂತ ಪಾರಿವಾಳ ಜಾಸ್ತಿ ಇದ್ದರೆ ಯಾವುದಾದರೂ ಒಂದು ಗೂಡಿನಲ್ಲಿ ಎರಡಾದರೂ ಇರಲೇಬೇಕು. ಲೆಕ್ಕದಲ್ಲಿ ಕಷ್ಟ ಇರುವುದು ಗೂಡು ಯಾವುದು ಎಂದು ಗುರುತಿಸುವುದರಲ್ಲಿ.

ಎರಡು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಶಹಾಬಾದ್ ಕಲ್ಲು ತೆಗೆದುಕೊಳ್ಳಿ. ಅದರ ಮೇಲೆ ಐದು ತೊಗರಿ ಕಾಳು ಎಸೆಯಿರಿ. ಎಲ್ಲಿ ಬಿದ್ದರೂ ಸರಿ, ನಡುವಿನ ದೂರ 17 ಇಂಚಿಗಿಂತ ಹೆಚ್ಚಿಲ್ಲದ ಎರಡು ಕಾಳುಗಳಾದರೂ ಅವುಗಳಲ್ಲಿ ಇದ್ದೇ ಇರುತ್ತವೆ ಎಂದು ತೋರಿಸಿ. ಕಾಳುಗಳನ್ನು ಅಲ್ಲಿ ಇಲ್ಲಿ ಇಟ್ಟು ನೋಡಿದರೆ ಪುರಾವೆ ಸಿಗುವುದಿಲ್ಲ, ಇಡುವ ಬಗೆಗಳಿಗೆ ಲೆಕ್ಕವಿಲ್ಲ. ಕಲ್ಲಿನ ನಡುವೆ ಸುಣ್ಣದಕಡ್ಡಿಯಿಂದ ಎರಡು ಗೆರೆ ಎಳೆದು ಒಂದೊಂದು ಅಡಿಯ ನಾಲ್ಕು ಚೌಕ ಮಾಡಿ. ಕಾಳು ಐದು, ಚೌಕ ನಾಲ್ಕು. ಎರಡು ಕಾಳು ಒಂದೇ ಚೌಕದಲ್ಲಿ ಇರಲೇಬೇಕು. ಒಂದು ಅಡಿ ಚೌಕದಲ್ಲಿ ಅತಿ ಹೆಚ್ಚು ದೂರ ಅಂದರೆ ಕರ್ಣ, ಅದು √2 ಅಡಿ, 17 ಇಂಚಿಗೆ ಕೂದಲೆಳೆಯಷ್ಟು ಕಡಿಮೆ.

ಇನ್ನೊಂದು ಬೇಗ. ಮನುಷ್ಯನ ತಲೆಯಲ್ಲಿ 2 ಲಕ್ಷಕ್ಕಿಂತ ಹೆಚ್ಚು ಕೂದಲು ಇರುವುದಿಲ್ಲ ಎಂದುಕೊಳ್ಳಿ. ಕಲಬುರಗಿ ನಗರದ ಜನಸಂಖ್ಯೆ 2011ರ ಜನಗಣತಿಯಲ್ಲೇ 5 ಲಕ್ಷ ದಾಟಿತ್ತು. ಗೂಡುಗಳು 0ಯಿಂದ 2,00,000, ಅಂದರೆ 2,00,001. ಗೂಡಿಗೆ ಇಬ್ಬರಂತೆ ತುಂಬಿದರೂ 4,00,002 ಜನರಿಗಷ್ಟೇ ಜಾಗ. ಹಾಗಾಗಿ ಸರಿಯಾಗಿ ಒಂದೇ ಸಂಖ್ಯೆಯ ಕೂದಲಿರುವ ಮೂವರಾದರೂ ಈ ಊರಲ್ಲಿ ಇದ್ದಾರೆ. ಯಾರು ಅಂತ ಹೇಳಲಾಗದು, ಇದ್ದಾರೆ ಅಂತ ಮಾತ್ರ ಖಚಿತ. ಈ ತತ್ವದ ಸೊಗಸು ಇದೇ.

ಇಂಡಕ್ಷನ್: ತೊಗರಿ ಬೇಳೆ ಚೀಲ

ಒಬ್ಬ ವ್ಯಾಪಾರಿಯ ಬಳಿ 3 ಕೆಜಿ ಮತ್ತು 5 ಕೆಜಿ ತೊಗರಿ ಬೇಳೆ ಚೀಲಗಳು ಬೇಕಾದಷ್ಟಿವೆ. ಚೀಲ ಬಿಚ್ಚುವಂತಿಲ್ಲ. ಎಷ್ಟು ಕೆಜಿ ಕೇಳಿದರೆ ಕೊಡಬಹುದು?

ಕೈಯಾರೆ ಬರೆಯಿರಿ. 1, 2 ಆಗುವುದಿಲ್ಲ. 3 ಆಗುತ್ತದೆ. 4 ಇಲ್ಲ. 5, 6 ಆಗುತ್ತವೆ. 7 ಇಲ್ಲ. 8 = 3 + 5. 9 = 3 + 3 + 3. 10 = 5 + 5. ಮುಂದೆ? 11 ಬೇಕಾದರೆ 8ಕ್ಕೆ ಒಂದು 3ರ ಚೀಲ ಸೇರಿಸಿ. 12ಕ್ಕೆ 9ರ ಮೇಲೆ, 13ಕ್ಕೆ 10ರ ಮೇಲೆ. 14ಕ್ಕೆ ಈಗ ತಾನೆ ಮಾಡಿದ 11ರ ಮೇಲೆ. ಇಂಡಕ್ಷನ್ ಪುರಾವೆ, ಅಂದರೆ ಹಿಂದಿನದರ ಆಧಾರದ ಮೇಲೆ ಮುಂದಿನದನ್ನು ತೋರಿಸುತ್ತಾ ಹೋಗುವ ಪುರಾವೆ, ನಿಮ್ಮ ಕೈಯಲ್ಲಿ ಆಗಲೇ ತಯಾರಾಗಿದೆ. ಅದನ್ನು ಬರೆಯುವುದು ಹೀಗೆ: 8, 9, 10 ಸಾಧ್ಯ ಎಂದು ತೋರಿಸಿದೆವು. 10ಕ್ಕಿಂತ ದೊಡ್ಡದಾದ ಯಾವುದೇ ಸಂಖ್ಯೆ ಎನ್ ತೆಗೆದುಕೊಳ್ಳಿ, 8ರಿಂದ ಎನ್‌ಗಿಂತ ಕೆಳಗಿನವೆಲ್ಲ ಸಾಧ್ಯ ಎಂದು ಹಿಡಿಯಿರಿ. ಎನ್ − 3 ಎಂಬುದು 8ಕ್ಕಿಂತ ಕಡಿಮೆ ಇರಲಾರದು, ಆದ್ದರಿಂದ ಅದು ಸಾಧ್ಯ. ಅದಕ್ಕೆ 3 ಕೆಜಿ ಚೀಲ ಒಂದು ಸೇರಿಸಿ.

ಶುರುವಿಗೆ ಮೂರು ಸಂಖ್ಯೆ ಯಾಕೆ ಬೇಕಾಯಿತು? ನಾವು ಹಿಂದಕ್ಕೆ ಹೋಗುವುದು ಮೂರು ಹೆಜ್ಜೆ. 8 ಒಂದನ್ನೇ ತೋರಿಸಿ ಬಿಟ್ಟಿದ್ದರೆ 9ಕ್ಕೆ ಆಧಾರವಾಗಿ 6ನ್ನು, 10ಕ್ಕೆ 7ನ್ನು ಹಿಡಿಯಬೇಕಾಗುತ್ತಿತ್ತು. 7 ಆಗುವುದಿಲ್ಲವಲ್ಲ! ಎಷ್ಟು ಹೆಜ್ಜೆ ಹಿಂದೆ ಹೋಗುತ್ತೀರೋ ಅಷ್ಟು ಆರಂಭದ ಸಂಖ್ಯೆಗಳನ್ನು ಕೈಯಾರೆ ತೋರಿಸಿ.

ಸಣ್ಣ ಸಂಖ್ಯೆಗೆ ಮಾಡಿ ನೋಡಿ ಎಂದು ಇಷ್ಟು ಹೊತ್ತು ಹೇಳಿದೆ. ಅದು ದಾರಿ ತೋರಿಸುತ್ತದೆ, ಪುರಾವೆ ಆಗುವುದಿಲ್ಲ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡಿಸಿ. 0 ಹಾಕಿದರೆ 41, 1ಕ್ಕೆ 43, 2ಕ್ಕೆ 47. ಎಲ್ಲ ಅವಿಭಾಜ್ಯ. 39ರವರೆಗೂ ಪ್ರತಿ ಸಲ ಅವಿಭಾಜ್ಯವೇ ಬರುತ್ತದೆ. 40 ಹಾಕಿದರೆ 1681, ಅದು 41 × 41. ನಲವತ್ತು ಸಲ ಸರಿಹೋದದ್ದು ನಲವತ್ತೊಂದನೆಯ ಸಲ ಮುರಿಯಿತು.

ಗ್ರಾಫ್: ಬೀದರ್ ಜಿಲ್ಲೆಯ ರಸ್ತೆಗಳು

1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಲೆಕ್ಕ ಬಿಡಿಸಿದ. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟುವ ನಡಿಗೆ ಅಲ್ಲಿ ಸಾಧ್ಯವಿಲ್ಲ ಎಂದು ತೋರಿಸಿದ. ಅದೇ ಪ್ರಶ್ನೆಯನ್ನು ನಮ್ಮ ರಸ್ತೆಗಳಿಗೆ ಕೇಳೋಣ.

ಗ್ರಾಫ್ ಅಂದರೆ ಇಲ್ಲಿ ಚುಕ್ಕಿಗಳು ಮತ್ತು ಅವುಗಳನ್ನು ಸೇರಿಸುವ ಗೆರೆಗಳು. ನಾಲ್ಕು ಚುಕ್ಕಿ ಇಡಿ: ಬೀದರ್, ಭಾಲ್ಕಿ, ಹುಮನಾಬಾದ್, ಬಸವಕಲ್ಯಾಣ. ಐದು ಗೆರೆ ಎಳೆಯಿರಿ: ಬೀದರ್–ಭಾಲ್ಕಿ, ಬೀದರ್–ಹುಮನಾಬಾದ್, ಭಾಲ್ಕಿ–ಹುಮನಾಬಾದ್, ಭಾಲ್ಕಿ–ಬಸವಕಲ್ಯಾಣ, ಹುಮನಾಬಾದ್–ಬಸವಕಲ್ಯಾಣ. ಬೇರೆ ರಸ್ತೆಗಳನ್ನು ಸದ್ಯಕ್ಕೆ ಮರೆತುಬಿಡಿ. ರಸ್ತೆ ದುರಸ್ತಿ ನೋಡಲು ಹೊರಟ ಎಂಜಿನಿಯರ್ ಪ್ರತಿ ರಸ್ತೆಯಲ್ಲೂ ಸರಿಯಾಗಿ ಒಂದು ಸಲ ಹೋಗಬಹುದೇ?

ಪ್ರತಿ ಊರಿಗೆ ಎಷ್ಟು ಗೆರೆ ಸೇರುತ್ತವೆ ಎಣಿಸಿ. ಬೀದರ್ 2, ಬಸವಕಲ್ಯಾಣ 2, ಭಾಲ್ಕಿ 3, ಹುಮನಾಬಾದ್ 3. ಮೊತ್ತ 10, ಗೆರೆಗಳ ಎರಡರಷ್ಟು. ಪ್ರತಿ ಗೆರೆಗೂ ಎರಡು ತುದಿ ಇರುವುದರಿಂದ ಹೀಗೆ ಆಗಲೇಬೇಕು, ಇದೇ ನಿಮ್ಮ ತಾಳೆ. ಇನ್ನು ತರ್ಕ. ನಡುವಿನ ಯಾವ ಊರಿಗೆ ಬಂದರೂ ಒಂದು ರಸ್ತೆಯಿಂದ ಒಳಗೆ, ಇನ್ನೊಂದರಿಂದ ಹೊರಗೆ. ಅಂದರೆ ರಸ್ತೆಗಳು ಜೋಡಿ ಜೋಡಿಯಾಗಿ ಖರ್ಚಾಗುತ್ತವೆ. ಬೆಸ ಸಂಖ್ಯೆಯ ರಸ್ತೆ ಇರುವ ಊರು ಪ್ರಯಾಣದ ಶುರುವೋ ಕೊನೆಯೋ ಆಗಿರಲೇಬೇಕು. ಇಲ್ಲಿ ಬೆಸ ಊರುಗಳು ಎರಡು, ಭಾಲ್ಕಿ ಮತ್ತು ಹುಮನಾಬಾದ್. ಭಾಲ್ಕಿಯಿಂದ ಹೊರಡಿ: ಭಾಲ್ಕಿ, ಬೀದರ್, ಹುಮನಾಬಾದ್, ಭಾಲ್ಕಿ, ಬಸವಕಲ್ಯಾಣ, ಹುಮನಾಬಾದ್. ಐದೂ ಮುಗಿದವು.

ಈಗ ಔರಾದ್ ಸೇರಿಸಿ, ಬೀದರ್–ಔರಾದ್ ರಸ್ತೆಯ ಜೊತೆ. ಬೀದರ್ 3 ಆಯಿತು, ಔರಾದ್ 1. ಬೆಸ ಊರುಗಳು ನಾಲ್ಕು. ಶುರು ಒಂದು, ಕೊನೆ ಒಂದು, ಉಳಿದ ಎರಡಕ್ಕೆ ಜಾಗವಿಲ್ಲ. ಹಾಗಾಗಿ ಸಾಧ್ಯವಿಲ್ಲ. ಔರಾದ್–ಭಾಲ್ಕಿ ಗೆರೆಯೊಂದನ್ನು ಎಳೆದರೆ ಮತ್ತೆ ಸಾಧ್ಯವಾಗುತ್ತದೆ, ಈ ಸಲ ಬೀದರ್‌ನಿಂದ ಹೊರಟು ಹುಮನಾಬಾದ್‌ನಲ್ಲಿ ಮುಗಿಸಬೇಕು. ದಾರಿಯನ್ನು ನೀವೇ ಬರೆದು ನೋಡಿ.

ಗಣ ಮತ್ತು ಸಂಬಂಧ

ಇವುಗಳಿಗೆ ಹೆಚ್ಚು ಹೊತ್ತು ಬೇಡ. ಗಣದ (ಸೆಟ್) ಲೆಕ್ಕ ಬಂದರೆ ಮೂರು ವೃತ್ತದ ವೆನ್ ಚಿತ್ರ ಬರೆದು ಒಳಗಿನ ಭಾಗದಿಂದ ತುಂಬುತ್ತಾ ಹೊರಗೆ ಬನ್ನಿ. ಬೀದರ್‌ನ ಒಂದು ತರಗತಿ ಎಂದು ಊಹಿಸಿ: 60 ಮಂದಿಯಲ್ಲಿ ಕನ್ನಡ ಬಲ್ಲವರು 45, ಉರ್ದು 30, ಮರಾಠಿ 20. ಕನ್ನಡ ಉರ್ದು ಎರಡೂ 22, ಉರ್ದು ಮರಾಠಿ 8, ಕನ್ನಡ ಮರಾಠಿ 12, ಮೂರೂ ಬಲ್ಲವರು 5. ಸೂತ್ರದಿಂದ, ಅಂದರೆ ಒಂದೊಂದು ಭಾಷೆಯವರನ್ನು ಕೂಡಿ, ಜೋಡಿಗಳನ್ನು ಕಳೆದು, ಮೂರೂ ಬಲ್ಲವರನ್ನು ಮತ್ತೆ ಸೇರಿಸಿದರೆ, 95 − 42 + 5 = 58. ಚಿತ್ರದಲ್ಲಿ 5, 17, 3, 7, 16, 5, 5 ಬರುತ್ತವೆ, ಕೂಡಿದರೆ 58. ಮೂರೂ ಬಾರದವರು ಇಬ್ಬರು.

ಸಂಬಂಧಗಳಲ್ಲಿ ‘ಒಂದೇ ತಾಲ್ಲೂಕಿನವರು’ ಎಂಬುದು ಈಕ್ವಿವಲೆನ್ಸ್, ಅಂದರೆ ತನಗೆ ತಾನೂ ಹೊಂದುವ, ಎರಡೂ ಕಡೆಯಿಂದ ಹೊಂದುವ, ಒಬ್ಬರ ಮೂಲಕ ಮೂರನೆಯವರಿಗೂ ದಾಟುವ ಸಂಬಂಧ. ‘ಎರಡು ಊರುಗಳ ನಡುವೆ ನೇರ ರಸ್ತೆ ಇದೆ’ ಎಂಬುದು ಹಾಗಲ್ಲ. ಮೇಲಿನ ಚಿತ್ರದಲ್ಲಿ ಬೀದರ್–ಭಾಲ್ಕಿ ಇದೆ, ಭಾಲ್ಕಿ–ಬಸವಕಲ್ಯಾಣ ಇದೆ, ಬೀದರ್–ಬಸವಕಲ್ಯಾಣ ಇಲ್ಲ.

ನಿಮ್ಮ ಅಭ್ಯಾಸಕ್ಕೆ

1. ಯಾದಗಿರಿಯ ಕೆಎ 33 ಪ್ಲೇಟುಗಳ 0001ರಿಂದ 9999ರವರೆಗಿನ ಸಂಖ್ಯೆಗಳಲ್ಲಿ ನಾಲ್ಕು ಅಂಕಿಗಳ ಮೊತ್ತ 9 ಆಗುವಂಥವು ಎಷ್ಟು? ಮೊದಲು ಎರಡು ಅಂಕಿಗೆ, ಆಮೇಲೆ ಮೂರು ಅಂಕಿಗೆ ಮಾಡಿ.

2. 1ರಿಂದ 10ರೊಳಗೆ ಯಾವುದೇ ಆರು ಸಂಖ್ಯೆ ಆರಿಸಿದರೂ ಅವುಗಳಲ್ಲಿ ಎರಡರ ಮೊತ್ತ 11 ಆಗುತ್ತದೆ. ಗೂಡುಗಳು ಯಾವುವು?

3. ಚೀಲಗಳು 4 ಕೆಜಿ ಮತ್ತು 7 ಕೆಜಿ ಇದ್ದರೆ ಕೊಡಲಾಗದ ಅತಿ ದೊಡ್ಡ ತೂಕ ಯಾವುದು? ಪುರಾವೆಗೆ ಆರಂಭದ ಸಂಖ್ಯೆಗಳು ಎಷ್ಟು ಬೇಕು?

4. ಮದುವೆ ಮನೆಯಲ್ಲಿ ಏಳು ಮಂದಿ. ಪ್ರತಿಯೊಬ್ಬರೂ ತಮ್ಮೊಳಗೆ ಸರಿಯಾಗಿ ಮೂವರ ಕೈ ಕುಲುಕಿದರು ಎನ್ನುತ್ತಾರೆ. ನಂಬಬಹುದೇ?

5. 8 × 8 ಚದುರಂಗದ ಮಣೆಯಲ್ಲಿ ಕರ್ಣದ ಎರಡು ತುದಿಗಳ ಮೂಲೆಮನೆಗಳನ್ನು ತೆಗೆದಿದ್ದಾರೆ. ಉಳಿದ 62 ಮನೆಗಳನ್ನು, ಎರಡು ಮನೆ ಮುಚ್ಚುವ 31 ಪಟ್ಟಿಗಳಿಂದ ಪೂರ್ತಿ ಮುಚ್ಚಬಹುದೇ?

ಮೊದಲನೆಯದಕ್ಕೆ ಉತ್ತರ 220. ಎರಡು ಅಂಕಿಗೆ 10, ಮೂರು ಅಂಕಿಗೆ 55 ಬಂದಿರಬೇಕು. ಎರಡನೆಯದರಲ್ಲಿ ಗೂಡುಗಳು 1–10, 2–9, 3–8, 4–7, 5–6 ಎಂಬ ಐದು ಜೋಡಿ. ಮೂರನೆಯದಕ್ಕೆ 17 ಕೆಜಿ. 18, 19, 20, 21 ನಾಲ್ಕನ್ನೂ ಕೈಯಾರೆ ತೋರಿಸಿ, ಮುಂದಕ್ಕೆ 4 ಕೆಜಿ ಚೀಲ ಸೇರಿಸುತ್ತಾ ಹೋಗಿ. ನಾಲ್ಕನೆಯದನ್ನು ನಂಬಲಾಗದು: 7 × 3 = 21, ಅದು ಬೆಸ, ಕೈಕುಲುಕುಗಳ ಎರಡರಷ್ಟು ಆಗಲಾರದು. ಐದನೆಯದಕ್ಕೆ ಸುಳಿವು ಮಾತ್ರ ಕೊಡುತ್ತೇನೆ: ಮೊದಲು 4 × 4 ಮಣೆಗೆ ಮಾಡಿ, ತೆಗೆದ ಎರಡು ಮನೆಗಳ ಬಣ್ಣ ಯಾವುದು ನೋಡಿ.